ಚನ್ನಮಲ್ಲಯ್ಯನವರ ಕಾರಿಗೆ ತಗುಲಿದ ದೃಷ್ಟಿ

ಮಧುಗಿರಿಯ ಹುಣಸೆಹಣ್ಣಿನ ಮಂಡಿ ಚನ್ನಮಲ್ಲಯ್ಯನವರು ಮೋಟಾರು ಕಾರು ಕೊಂಡದ್ದು ಎಲ್ಲಿಗಾದರೂ ಬೇಗ ಹೋಗಿ ಸೇರಬೇಕೆಂದಲ್ಲ. ಹುಣಸೆಹಣ್ಣು ಕೊಳೆಯುವ ಸರಕಲ್ಲ. ಆ ವ್ಯಾಪಾರದಲ್ಲಿ ಅವಸರಕ್ಕೆ ಜಾಗವಿಲ್ಲ. ಕೊರಟಗೆರೆಯ ಬೀಗರು ಒಂದು ಕಾರು ಕೊಂಡರು, ಆದ್ದರಿಂದ ಇವರೂ ಕೊಂಡರು. ಬೀಗರದು ಕಪ್ಪು ಕಾರು. ಇವರು ಬೆಂಗಳೂರಿನ ದಂಡಿನಲ್ಲಿ ಯಾವನೋ ಬಿಳಿಯ ದೊರೆ ತನ್ನ ಸೀಮೆಗೆ ಹೋಗುವಾಗ ಬಿಟ್ಟುಹೋಗಿದ್ದ ಹಸಿರು ಕಾರನ್ನು ಹುಡುಕಿ ತಂದರು. ಕಪ್ಪು ಕಾರಿಗಿಂತ ಹಸಿರು ಕಾರು ಯಾವ ರೀತಿಯಲ್ಲಿ ಮೇಲು ಎಂಬುದನ್ನು ಅವರು ಯಾರಿಗೂ ವಿವರಿಸಲಿಲ್ಲ. ಮೇಲು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆಗಿನ್ನೂ ಮಹಾರಾಜರ ಕಾಲ. ಯುದ್ಧ ಬಂದಿರಲಿಲ್ಲ. ಪೆಟ್ರೋಲು ಕೇಳಿದಷ್ಟು ಸಿಗುತ್ತಿತ್ತು.

ಕಾರಿನ ಜೊತೆಗೆ ಒಬ್ಬ ಡ್ರೈವರನೂ ಬಂದಿದ್ದ. ಕೆಲಸ ಬಲ್ಲವನೇ. ಆದರೆ ಟೋಪಿ ಹಾಕುತ್ತಿದ್ದ. ದಾರಿಯಲ್ಲಿ ಜನ ಆ ಟೋಪಿ ಕಂಡು ಮೊದಲು ಅವನಿಗೆ ಕೈಮುಗಿದು, ಆಮೇಲೆ ಹಿಂದೆ ಕೂತವರು ಯಾರೆಂದು ಬಗ್ಗಿ ನೋಡುತ್ತಿದ್ದರು. ಇದನ್ನು ಚನ್ನಮಲ್ಲಯ್ಯನವರು ಕೆಲವು ದಿನ ಸಹಿಸಿದರು. ಅಷ್ಟರಲ್ಲಿ ಅವನಿಂದಲೇ ಕಾರು ಓಡಿಸುವುದನ್ನು ಕಲಿತು, ಒಂದು ಬಯಲಿನಲ್ಲಿ ಅಧಿಕಾರಿಗಳಿಗೆ ಓಡಿಸಿ ತೋರಿಸಿ ಲೈಸೆನ್ಸೂ ಪಡೆದರು. ಆ ಬಯಲಿನಲ್ಲಿ ಗುದ್ದುವಂಥದ್ದು ಏನೂ ಇರಲಿಲ್ಲ. ಡ್ರೈವರನನ್ನು ಮರ್ಯಾದೆಯಿಂದ ಬೆಂಗಳೂರಿಗೆ ಕಳಿಸಿಕೊಟ್ಟರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಅರುವತ್ತರ ಹತ್ತಿರ ಬಂದಿದ್ದ ಚನ್ನಮಲ್ಲಯ್ಯನವರಿಗೆ ಕೆಲವು ವರ್ಷಗಳಿಂದ ದೂರದ್ದು ಕಾಣುತ್ತಿರಲಿಲ್ಲ. ಬೆಳಿಗ್ಗೆ ಪೂಜೆಯಲ್ಲಿ ಅಂಗೈ ಮೇಲಿನ ಲಿಂಗ ಚೆನ್ನಾಗಿ ಕಾಣುತ್ತಿತ್ತು. ಅದರಾಚೆಯ ಪ್ರಪಂಚ ಮಾಯೆ ಎಂದು ಹಿರಿಯರು ಮೊದಲೇ ಹೇಳಿರುವುದರಿಂದ, ಅದು ಮಸುಕಾದಾಗ ಅವರಿಗೆ ಗಾಬರಿಯೇನೂ ಆಗಲಿಲ್ಲ. ತಮಗೆ ಸಂದೇಹ ಬಂದಾಗಲೆಲ್ಲ ಅವರು ಜಗಲಿಗೆ ಬಂದು ಮಧುಗಿರಿ ಬೆಟ್ಟದ ಕಡೆ ನೋಡುತ್ತಿದ್ದರು. ಬೆಟ್ಟ ಕಾಣುತ್ತಿತ್ತು. ಬೆಟ್ಟ ಕಾಣುವವನಿಗೆ ಎಮ್ಮೆ ಕಾಣದೇ ಇರುತ್ತದೆಯೆ ಎಂಬುದು ಅವರ ತರ್ಕ. ಕನ್ನಡಕ ಹಾಕಿಕೊಂಡರೆ ಬೀಗರು ಮುದುಕನೆಂದಾರು ಎಂಬುದು ಅದರ ಹಿಂದಿದ್ದ ತತ್ತ್ವ.

ಸಾಲದ್ದಕ್ಕೆ ಅವರು ಮರ್ಯಾದಸ್ಥರು. ಯಾರಾದರೂ ಕೈಮುಗಿದರೆ ಒಂದು ಕೈಯೆತ್ತಿ ಸುಮ್ಮನಾಗುವ ಜನವಲ್ಲ. ಎರಡೂ ಕೈ ಜೋಡಿಸಿ “ಶರಣು” ಎನ್ನಬೇಕು. ಕಾರು ಓಡಿಸುವಾಗ ಎರಡು ಕೈಗೆ ಬೇರೆ ಕೆಲಸವಿರುತ್ತದೆ ಎಂಬುದನ್ನು ಅವರು ಒಪ್ಪುತ್ತಿರಲಿಲ್ಲ. ಯಾರು ಕೈಮುಗಿದರು, ಯಾರು ಮುಗಿಯಲಿಲ್ಲ ಎಂಬುದು ಕಾಣದ ಕಾರಣ, ಯಾರಿಗೂ ಅಗೌರವವಾಗದಿರಲೆಂದು ಎದುರಿಗೆ ಬಿಳಿಯದೇನು ಕಂಡರೂ ಕೈ ಜೋಡಿಸುತ್ತಿದ್ದರು.

ಹೀಗಿರುವಾಗ ಜಿಲ್ಲೆಯ ಸಾಹೇಬರು ಸವಾರಿ ಬರುತ್ತಾರೆಂದು ಶಿರಾ ರಸ್ತೆಯ ಮೈಲಿಗಲ್ಲುಗಳಿಗೆಲ್ಲ ಹೊಸದಾಗಿ ಸುಣ್ಣ ಬಳಿದರು. ಚನ್ನಮಲ್ಲಯ್ಯನವರು ಮಧ್ಯಾಹ್ನ ಶಿರಾದ ನಂಟರ ಮನೆಯಲ್ಲಿ ಮುದ್ದೆ, ಹುರುಳಿ ಬಸ್ಸಾರು ಉಂಡು, ತೂಕಡಿಸುತ್ತ ಕಾರಿನಲ್ಲಿ ಹಿಂದಿರುಗುತ್ತಿದ್ದರು. ರಸ್ತೆಯ ಅಂಚಿನಲ್ಲಿ ಒಬ್ಬ ಗಿಡ್ಡ ಮನುಷ್ಯ ಬಿಳಿ ಪಂಚೆ, ಬಿಳಿ ರುಮಾಲು ಧರಿಸಿ ಬಹಳ ವಿನಯದಿಂದ ನಿಂತಿದ್ದ. ಇವರು ಎರಡೂ ಕೈ ಜೋಡಿಸಿದರು. ಅವನು ಜೋಡಿಸಲಿಲ್ಲ. ಇಷ್ಟು ಸೊಕ್ಕಿನವನು ಯಾರಿರಬಹುದೆಂದು ಇವರು ಕತ್ತು ತಿರುಗಿಸಿ ನೋಡಿದರು. ಕೈಯೂ ಕಣ್ಣೂ ಎರಡೂ ತನ್ನ ಮೇಲಿಲ್ಲದ್ದನ್ನು ಕಂಡ ಕಾರು ಸ್ವಂತ ತೀರ್ಮಾನ ತೆಗೆದುಕೊಂಡು ರಸ್ತೆ ಬಿಟ್ಟು ಇಳಿದು, ದೊಡ್ಡರಂಗಪ್ಪನೆಂಬ ರೈತನ ಹುಲ್ಲಿನ ಮೆದೆಯೊಳಕ್ಕೆ ಹೊಕ್ಕಿತು.

ದೊಡ್ಡರಂಗಪ್ಪ ಓಡಿ ಬಂದು ಹುಲ್ಲು ಸರಿಸಿದ. ಒಳಗೆ ಒಡೆದ ಗಾಜು, ಅದರ ಹಿಂದೆ ಹಣೆ ಊದಿಸಿಕೊಂಡ ಒಬ್ಬರು.

“ಯಾರ್ದೋ ಎಮ್ಮೆ ಬಂದ್ಬುಟ್ಟದೆ ಅಂತ ದೊಣ್ಣೆ ತಂದೆ ಬುದ್ಧಿ. ನೋಡುದ್ರೆ ನೀವು!” ಎಂದ.

“ಅಲ್ಲಿ ನಿಂತವ್ನಲ್ಲ, ಅವನ್ಯಾರು?” ಎಂದು ಚನ್ನಮಲ್ಲಯ್ಯನವರು ಕ್ಷೀಣ ಸ್ವರದಲ್ಲಿ ಕೇಳಿದರು.

ದೊಡ್ಡರಂಗಪ್ಪ ಆ ಕಡೆ ನೋಡಿದ. “ಅದು ಮೈಲಿಗಲ್ಲು ಬುದ್ಧಿ.”

ಚನ್ನಮಲ್ಲಯ್ಯನವರು ಕಣ್ಣು ಮುಚ್ಚಿಕೊಂಡರು. ದೊಡ್ಡರಂಗಪ್ಪ ಅವರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಮಧುಗಿರಿಯ ಆಸ್ಪತ್ರೆಗೆ ತಂದ.

ಆಸ್ಪತ್ರೆಯ ಡಾಕ್ಟರು ಮಲ್ಲಿಕಾರ್ಜುನಯ್ಯ ಮೈಸೂರು ಕಡೆಯ ತರುಣರು. ಓದುವ ಕಾಲದಲ್ಲಿ ಕನ್ನಡ ಸಂಘಕ್ಕೆ ಸೇರಿ, ಇನ್ನು ಮುಂದೆ ರೋಗಿಗಳೊಡನೆ ಒಂದು ಇಂಗ್ಲಿಷ್ ಮಾತನ್ನೂ ಆಡುವುದಿಲ್ಲ ಎಂದು ಪಣ ತೊಟ್ಟಿದ್ದರು. ಅವರು ಆ ದಿನ ಎಲ್ಲರಂತೆ “ಶಾರ್ಟ್ ಸೈಟು” ಎಂದುಬಿಟ್ಟಿದ್ದರೆ ಈ ಕಥೆ ಆಸ್ಪತ್ರೆಯಲ್ಲೇ ಮುಗಿಯುತ್ತಿತ್ತು.

ಹಣೆಗೆ ಪಟ್ಟಿ ಕಟ್ಟಿ, ಡಾಕ್ಟರು ಕೋಣೆಯ ಆಚೆ ತುದಿಗೆ ಹೋಗಿ ಕೈಯೆತ್ತಿದರು. “ಎಷ್ಟು ಬೆರಳು ಹೇಳಿ?”

“ಯಾರ ಬೆರಳು ಸ್ವಾಮಿ?” ಎಂದರು ಚನ್ನಮಲ್ಲಯ್ಯ.

ಡಾಕ್ಟರು ಒಂದೊಂದೇ ಕಣ್ಣು ಮುಚ್ಚಿಸಿ, ಹೆಜ್ಜೆ ಹೆಜ್ಜೆ ಹತ್ತಿರ ಬಂದು ಪರೀಕ್ಷೆ ಮುಗಿಸಿದರು. ಹೊರಗೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕೂತಿದ್ದ ಚನ್ನಮಲ್ಲಯ್ಯನವರ ಹೆಂಡತಿ ಶಿವರುದ್ರಮ್ಮನವರನ್ನು ಒಳಗೆ ಕರೆದರು.

“ಅಮ್ಮಾ, ಗಾಯ ದೊಡ್ಡದಲ್ಲ. ಆದರೆ ಈ ಅಪಘಾತಕ್ಕೆ ಕಾರಣ ದೃಷ್ಟಿದೋಷ.”

ಶಿವರುದ್ರಮ್ಮನವರ ಅಳು ತಟ್ಟನೆ ನಿಂತಿತು. “ನಾನೂ ಅದೇ ಅಂದ್ಕಂಡೆ ಸ್ವಾಮಿ. ಕಾರು ಮನೇಗ್ ಬಂದಾಗ್ಲಿಂದ ನಂಗೆ ಅನುಮಾನ.”

ಇಷ್ಟು ತಿಳಿವಳಿಕೆಯುಳ್ಳ ಹೆಂಗಸನ್ನು ಕಂಡು ಡಾಕ್ಟರಿಗೆ ಸಂತೋಷವಾಯಿತು. “ಇದು ಸಮೀಪ ದೃಷ್ಟಿ” ಎಂದರು.

“ಸಮೀಪದ್ದೇ? ಎಷ್ಟು ಸಮೀಪ ಸ್ವಾಮಿ?”

“ನನ್ನ ಲೆಕ್ಕದಲ್ಲಿ ನಾಲ್ಕು ಮಾರು. ಅದರಾಚೆ ಏನೂ ಇಲ್ಲ.”

ಶಿವರುದ್ರಮ್ಮನವರು ಮನಸ್ಸಿನಲ್ಲೇ ತಮ್ಮ ಜಗಲಿಯಿಂದ ಬೀದಿಗೆ ಇಳಿದು ನಾಲ್ಕು ಮಾರು ಅಳೆದರು. ಎದುರು ಮನೆಯ ಜಗಲಿ ಮುಟ್ಟಿತು.

“ಎಡಗಣ್ಣು ಹೆಚ್ಚು ಕೆಟ್ಟದ್ದು” ಎಂದು ಡಾಕ್ಟರು ಮುಂದುವರಿಸಿದರು.

“ಅಯ್ಯೋ ಶಿವನೇ! ಅದೂ ಗೊತ್ತಾಯ್ತಾ ತಮ್ಗೆ!”

“ಪರೀಕ್ಷೆ ಮಾಡಿದರೆ ಗೊತ್ತಾಗುತ್ತದಮ್ಮ. ಬೇಗ ನಿವಾರಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದು ದಿನ ಯಾರದಾದರೂ ಪ್ರಾಣ ಹೋಗುತ್ತದೆ. ಒಳ್ಳೆಯ ಗಾಜು ಹಾಕಿಸಿ. ಅಲ್ಲಿಯವರೆಗೆ ಇವರು ಕಾರು ಮುಟ್ಟಕೂಡದು.”

ಶಿವರುದ್ರಮ್ಮನವರು ಡಾಕ್ಟರಿಗೆ ನೆಲ ಮುಟ್ಟಿ ಕೈಮುಗಿದು ಹೊರಟರು. ಇಂಗ್ಲಿಷ್ ಓದಿದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವರು ಅದುವರೆಗೆ ನಂಬಿದ್ದರು.

ಮಂಚದ ಮೇಲಿದ್ದ ಚನ್ನಮಲ್ಲಯ್ಯನವರಿಗೆ ಡಾಕ್ಟರು ಹೇಳಿದ್ದೇನೆಂದು ಅರ್ಥವಾಗಿತ್ತು. ಹೆಂಡತಿಗೆ ಅರ್ಥವಾದದ್ದೇನೆಂಬುದೂ ಗಾಡಿಯಲ್ಲಿ ಮನೆಗೆ ಹೋಗುವಾಗ ಅರ್ಥವಾಯಿತು. ತಿದ್ದಬೇಕೆಂದು ಬಾಯಿ ತೆರೆದರು. ಆದರೆ ಕಣ್ಣು ಕಾಣದವನು ಅನ್ನಿಸಿಕೊಳ್ಳುವುದಕ್ಕಿಂತ ಕಣ್ಣು ಬಿದ್ದವನು ಅನ್ನಿಸಿಕೊಳ್ಳುವುದರಲ್ಲಿ ಗೌರವ ಹೆಚ್ಚು. ಅವರು ಬಾಯಿ ಮುಚ್ಚಿಕೊಂಡರು.

ಎದುರು ಮನೆಯವರು ಜವಳಿ ಅಂಗಡಿ ನಾಗಲಿಂಗಯ್ಯ. ಚನ್ನಮಲ್ಲಯ್ಯನವರ ಜೊತೆಗೆ ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರು. ಇಬ್ಬರೂ ಇನ್ನೂ ಒಬ್ಬರನ್ನೊಬ್ಬರು ‘ಲೇ’ ಎಂದೇ ಕರೆಯುತ್ತಿದ್ದರು. ಸಾಧು ಮನುಷ್ಯ. ಎಡಗಣ್ಣು ಮಾತ್ರ ಕೊಂಚ ಮೆಳ್ಳಗಣ್ಣು. ಬಲಗಣ್ಣು ನೋಡುತ್ತಿರುವುದನ್ನು ಬಿಟ್ಟು ಅದು ಪಕ್ಕದ್ದನ್ನು ನೋಡುತ್ತಿತ್ತು. ಗೆಳೆಯನ ಕಾರು ಬಂದ ದಿನದಿಂದ ಅವರು ಬೆಳಿಗ್ಗೆ ಎದ್ದೊಡನೆ ಜಗಲಿಗೆ ಬಂದು, “ಆಹಾ, ಏನ್ ಕಾರ್ಲಾ ಚನ್ನ! ಗಿಣಿ ಕೂತಂಗ್ ಕೂತದೆ!” ಎಂದು ಹೇಳಿಯೇ ಮುಖ ತೊಳೆಯಲು ಹೋಗುತ್ತಿದ್ದರು. ಇಷ್ಟು ಸಾಕ್ಷ್ಯದ ಮೇಲೆ ಶಿವರುದ್ರಮ್ಮನವರಿಗೆ ಇನ್ನು ವಿಚಾರಣೆ ಬೇಕಿರಲಿಲ್ಲ.

ಸಂಜೆ ನಾಗಲಿಂಗಯ್ಯ ಎಳನೀರು ಹಿಡಿದುಕೊಂಡು ಬಂದರು. “ಹೆಂಗಿದೀಯ್ಲಾ? ನಾನು ಎದೆ ಒಡ್ಕಂಡ್ಬುಟ್ಟೆ ಕಣೋ. ಅಂಥಾ ಚಿನ್ನದಂಥ ಕಾರು!”

ಅಡುಗೆಮನೆಯಿಂದ ಉಪ್ಪು, ಮೆಣಸಿನಕಾಯಿ ಒಲೆಗೆ ಬಿದ್ದ ಸದ್ದು ಕೇಳಿಸಿತು. ಹೊಗೆ ನಡುಮನೆಗೆ ಬಂತು. ನಾಗಲಿಂಗಯ್ಯ ಕೆಮ್ಮುತ್ತ, “ಏನ್ಲಾ ಈ ಘಾಟು! ನಿಮ್ಗೆ ಬರ್ತಿಲ್ವಾ?” ಎಂದರು. ದೃಷ್ಟಿ ಗಟ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಶಿವರುದ್ರಮ್ಮನವರು ಬಾಗಿಲಲ್ಲಿ ನಿಂತು, “ನಮ್ಗೇನೂ ಬರಲಿಲ್ಲ ನಾಗಲಿಂಗಣ್ಣ” ಎಂದರು, ಕಣ್ಣಲ್ಲಿ ನೀರು ಸುರಿಸಿಕೊಂಡು.

ಚನ್ನಮಲ್ಲಯ್ಯನವರು ಗೋಡೆಯ ಕಡೆ ಮಗ್ಗುಲಾಗಿ ನರಳಿದರು. ಎಳನೀರು ಹಾಗೇ ಉಳಿಯಿತು.

ಮರುದಿನ ದೃಷ್ಟಿ ತೆಗೆಯುವುದರಲ್ಲಿ ಕಳ್ಳಂಬೆಳ್ಳದವರೆಗೂ ಹೆಸರಾಗಿದ್ದ ಲಕ್ಕಮ್ಮನನ್ನು ಕರೆಸಿದರು. ಆಕೆ ಹಸುವಿಗೆ, ಕೂಸಿಗೆ, ಮದುಮಗಳಿಗೆ ದೃಷ್ಟಿ ತೆಗೆದಿದ್ದಳೇ ಹೊರತು ಕಾರಿಗೆ ತೆಗೆದಿರಲಿಲ್ಲ. ಹುಲ್ಲಿನ ಮೆದೆಯಿಂದ ಎತ್ತು ಕಟ್ಟಿ ಎಳೆಸಿ ತಂದಿದ್ದ ಕಾರಿನ ಸುತ್ತ ಒಂದು ಬಾರಿ ನಡೆದು, “ಇದ್ರ ಮೊಕ ಯಾವ ಕಡೀಕೆ?” ಎಂದು ಕೇಳಿದಳು. ತೋರಿಸಿದರು. “ಅಬ್ಬಬ್ಬಾ, ಇದು ಗಂಡ್ ದಿಷ್ಟಿ ಕಣಮ್ಮ. ಒಂದ್ ಕುಂಬಳಕಾಯಿಗೆಲ್ಲ ಬಗ್ಗಾಕಿಲ್ಲ.”

ಬಗ್ಗದ ದೃಷ್ಟಿಗೆ ಆಕೆ ತಕ್ಕ ವ್ಯವಸ್ಥೆ ಮಾಡಿದಳು. ಮುಂದುಗಡೆ ಬೂದುಗುಂಬಳ. ಎರಡು ದೀಪಕ್ಕೂ ನಿಂಬೆಹಣ್ಣು ಮೆಣಸಿನಕಾಯಿಯ ಸರ. ಹಿಂದೆ ಹಳೆಯ ಎಕ್ಕಡ. ಅಷ್ಟರಲ್ಲಿ ಶಿರಾದ ಮಿಸ್ತ್ರಿ ಸಾಬರು ಬಂದು ಡಾಕ್ಟರು ಹೇಳಿದಂತೆ ಕಾರಿಗೆ ಒಳ್ಳೆಯ ಗಾಜು ಹಾಕಿದ್ದರು. “ಶೀಶಾ ಎಷ್ಟು ಸಾಫ್ ಐತೆ ಅಂದ್ರೆ ಯಜಮಾನ್ರೇ, ಐತೋ ಇಲ್ವೋ ಗೊತ್ತಾಗಲ್ಲ” ಎಂದು ಅವರು ಹೆಮ್ಮೆಪಟ್ಟ ಆ ಗಾಜಿನ ಮೇಲೆ ಲಕ್ಕಮ್ಮ ಕೋರೆಹಲ್ಲು ಬಿಟ್ಟ ರಾಕ್ಷಸನ ಮುಖವಾಡವೊಂದನ್ನು ನೇತುಹಾಕಿ, ಉಳಿದ ಜಾಗದಲ್ಲಿ ಕಾಡಿಗೆಯಿಂದ ದಪ್ಪ ದಪ್ಪ ಬೊಟ್ಟುಗಳನ್ನಿಟ್ಟಳು.

“ಓಡ್ಸೋಕೆ ಕಾಣ್ತದಾ ಹೆಂಗೆ?” ಎಂದು ಶಿವರುದ್ರಮ್ಮನವರು ಗಂಡನನ್ನು ಕೇಳಿದರು.

ಚನ್ನಮಲ್ಲಯ್ಯನವರು ಒಳಗೆ ಕೂತು ನೋಡಿದರು. ಮೊದಲಿಗೂ ಈಗಕ್ಕೂ ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ. “ಚೆನ್ನಾಗ್ ಕಾಣ್ತದೆ” ಎಂದರು.

ಇಷ್ಟಾದ ಮೇಲೆ ಊರಿಗೆ ಗೊತ್ತಾಗದೆ ಇರುತ್ತದೆಯೆ? “ದೊಡ್ಡಾಸ್ಪತ್ರೆ ಡಾಕ್ಟ್ರೇ ಹೇಳವ್ರಂತೆ” ಎಂಬ ಮುದ್ರೆಯೂ ಬಿದ್ದಿತ್ತು. ನಾಗಲಿಂಗಯ್ಯ ಬೀದಿಗೆ ಬಂದರೆ ಹಸು ಕರೆಯುತ್ತಿದ್ದವರು ಕೆಚ್ಚಲಿಗೆ ಬಟ್ಟೆ ಮುಚ್ಚಿದರು. ತಾಯಂದಿರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಮದುವೆ ಕಾಲ, ಆದರೆ ಮದುವೆ ಸೀರೆಯನ್ನು ಆ ಎಡಗಣ್ಣಿನ ಮುಂದೆ ಬಿಚ್ಚಿಸಲು ಯಾರೂ ಒಪ್ಪಲಿಲ್ಲ. ಅಂಗಡಿಗೆ ಬಂದ ಒಬ್ಬ ಹೆಂಗಸು, “ಆ ಕಡೆ ತಿರುಗ್ಕಂಡು ಅಳೀರಿ” ಎಂದಳು. ನಾಗಲಿಂಗಯ್ಯ ಗೋಡೆ ನೋಡಿಕೊಂಡು ಅಳೆದುಕೊಟ್ಟರು. ಆಕೆ ಮನೆಗೆ ಹೋಗಿ ನೋಡಿದರೆ ಬಟ್ಟೆ ಕಡಿಮೆಯಿತ್ತು. ದೃಷ್ಟಿಯ ಜೊತೆಗೆ ಮೋಸಗಾರನೆಂಬ ಹೆಸರೂ ಸೇರಿತು.

ಅವರನ್ನು ಹುಡುಕಿಕೊಂಡು ಬಂದ ಗಿರಾಕಿ ಒಬ್ಬನೇ. ಪಾವಗಡದಾಚೆ ವಳ್ಳೂರಿನವನು, ತೆಲುಗು ಬೆರೆಸಿ ಮಾತಾಡುವವನು. ಅಂಗಡಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಭಯಭಕ್ತಿಯಿಂದ ಒಳಗೆ ಬಂದ.

“ಬಟ್ಟೆ ಏನ್ ಬೇಕಪ್ಪ?” ಎಂದರು ನಾಗಲಿಂಗಯ್ಯ ಆಸೆಯಿಂದ.

“ಬಟ್ಟ ವದ್ದು ಸ್ವಾಮಿ. ನಮ್ಮ ದಾಯಾದಿ ಕಡ್ಲೇಕಾಯಿ ಹೊಲ ಐತೆ. ಬಲೇ ಬಂದೈತೆ ಬೆಳೆ. ತಾವು ಒಕ್ಕ ಸಾರಿ ಬಂದು ನೋಡ್ಬುಟ್ರೆ ಸಾಕು. ಬಂಡಿ ತಂದಿದೀನಿ.”

ನಾಗಲಿಂಗಯ್ಯನವರು ಅಂಗಡಿಯ ಬಾಗಿಲೆಳೆದು, ನೇರ ಗೆಳೆಯನ ಜಗಲಿಗೆ ಬಂದು ನಿಂತರು. ಕಾರಿನ ಕಡೆ ನೋಟ ಬೀಳದಂತೆ ಕೈ ಅಡ್ಡ ಹಿಡಿದಿದ್ದರು.

“ಲೇ ಚನ್ನ. ಡಾಕ್ಟ್ರು ನನ್ ಹೆಸ್ರು ಹೇಳುದ್ರಾ?”

ಚನ್ನಮಲ್ಲಯ್ಯನವರಿಗೆ ಇದು ಕೊನೆಯ ಅವಕಾಶವಾಗಿತ್ತು. ಅವರು ಮಾಡಿನ ಕಡೆ ನೋಡಿದರು. “ಹೆಸ್ರೇನೂ ಹೇಳ್ಲಿಲ್ಲ. ಸಮೀಪದ್ದು ಅಂದ್ರು, ಅಷ್ಟೇಯ.”

“ಐವತ್ತು ವರ್ಷದಿಂದ ಸಮೀಪದಲ್ಲೇ ಇದೀನಲ್ಲೋ” ಎಂದು ಹೇಳಿ ನಾಗಲಿಂಗಯ್ಯ ಹೊರಟುಹೋದರು. ಆ ಸಂಜೆಯೇ ತಾಲ್ಲೂಕಿನ ಅಮಲ್ದಾರರಲ್ಲಿ ಗೆಳೆಯನ ಮೇಲೆ ಮಾನಹಾನಿಯ ಫಿರ್ಯಾದು ಹೇಳಿಕೊಂಡರು.

ವಿಚಾರಣೆಯ ಮುನ್ನ ಸ್ಥಳ ನೋಡಿಬರಲು ದಫೇದಾರ್ ಚಿಕ್ಕಹನುಮಯ್ಯ ಬಂದ. ಕಾನೂನಿನಲ್ಲಿ ಇಂಥ ಅಪರಾಧ ಎಲ್ಲಿದೆಯೆಂದು ಅವನಿಗೆ ತಿಳಿಯದಿದ್ದರೂ, ಅಳತೆ ಮಾಡಿದ್ದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ಅವನ ಅನುಭವ. ನಾಗಲಿಂಗಯ್ಯನವರ ಜಗಲಿಯಿಂದ ಕಾರಿನವರೆಗೆ ಕೈ ಚಾಚಿ ಚಾಚಿ ಅಳೆದ. ಬೀದಿಯವರೆಲ್ಲ ಉಸಿರು ಹಿಡಿದು ನಿಂತಿದ್ದರು.

“ನಾಕ್ ಮಾರು” ಎಂದ ದಫೇದಾರ.

“ಡಾಕ್ಟ್ರೂ ಅಷ್ಟೇ ಹೇಳುದ್ದು!” ಎಂದರು ಶಿವರುದ್ರಮ್ಮ. ಜನ ‘ಹಾ’ ಎಂದರು. ವಿಜ್ಞಾನದ ಮೇಲೆ ಆ ಬೀದಿಗೆ ಅಂದು ಹುಟ್ಟಿದಷ್ಟು ನಂಬಿಕೆ ಹಿಂದೆಂದೂ ಹುಟ್ಟಿರಲಿಲ್ಲ.

ವಿಚಾರಣೆಯ ದಿನ ಬಂತು. ಡಾಕ್ಟರನ್ನೂ ಕಚೇರಿಗೆ ಕರೆಸಿದ್ದರು. ಕಚೇರಿ ನಡೆದು ಹೋಗುವಷ್ಟೇ ದೂರ. ಆದರೆ ಪ್ರತಿವಾದಿ ನಡೆದುಹೋದರೆ ಸೋತವನಂತೆ ಕಾಣುತ್ತಾನೆಂದು ಚನ್ನಮಲ್ಲಯ್ಯನವರು ಕಾರು ತೆಗೆದರು. ಹಿಂದಿನ ಆಸನದಲ್ಲಿ ಶಿವರುದ್ರಮ್ಮ ರೇಷ್ಮೆ ಸೀರೆಯುಟ್ಟು ಕೂತರು. ಕುಂಬಳಕಾಯಿ ತೂಗಿಸಿಕೊಂಡು, ನಿಂಬೆಹಣ್ಣು ಅಲ್ಲಾಡಿಸುತ್ತ, ಕೋರೆಹಲ್ಲಿನ ರಾಕ್ಷಸನನ್ನು ಮುಂದಿಟ್ಟುಕೊಂಡು ಹಸಿರು ಕಾರು ಬೀದಿಯಲ್ಲಿ ಹೊರಟಿತು. ಜನ ಬೆರಗಾಗಿ ಕೈಮುಗಿದರು. ಕಾರಿಗೋ, ರಾಕ್ಷಸನಿಗೋ ಹೇಳಲಾಗದು. ಚನ್ನಮಲ್ಲಯ್ಯನವರು ಮಾತ್ರ ಎಡಕ್ಕೂ ಬಲಕ್ಕೂ ಎರಡೂ ಕೈ ಜೋಡಿಸುತ್ತಲೇ ಹೋದರು.

ಕಚೇರಿಯ ಮುಂದಿನ ರಸ್ತೆಯಲ್ಲಿ ನಾಗಲಿಂಗಯ್ಯ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಎಡಗಣ್ಣನ್ನು ಮುಚ್ಚಿ ತಲೆಗೆ ಸುತ್ತಿ ಒಂದು ವಲ್ಲಿ ಕಟ್ಟಿಕೊಂಡಿದ್ದರು. ಅದು ಕಿವಿಯನ್ನೂ ಮುಚ್ಚಿತ್ತು.

“ಏನಂದ್ರೆ, ಮುಂದೆ ನಾಗಲಿಂಗಣ್ಣ!” ಎಂದು ಶಿವರುದ್ರಮ್ಮ ಕೂಗಿದರು.

“ಎಲ್ಲಿ?”

“ಮುಂದೇ ರೀ!”

“ಮುಂದೆ ಇರೋದು ಕಂಬ ಅಲ್ವೇನೆ?” ಎನ್ನುತ್ತ ಚನ್ನಮಲ್ಲಯ್ಯ ಕಂಬವನ್ನು ತಪ್ಪಿಸಲು ಚಕ್ರ ತಿರುಗಿಸಿದರು. ಅದೇ ಹೊತ್ತಿಗೆ ಕಂಬವೂ ಗಾಬರಿಯಾಗಿ ಅದೇ ಕಡೆಗೆ ಹಾರಿತು. ಕಾರಿನ ಮಗ್ಗುಲು ತಗುಲಿ ನಾಗಲಿಂಗಯ್ಯ ಕಲ್ಲು ಚಪ್ಪಡಿಯ ಮೇಲೆ ಬಿದ್ದರು. ಕಾರು ಕಚೇರಿಯ ಕಾಂಪೌಂಡು ಗೋಡೆಗೆ ಮುತ್ತಿಟ್ಟು ನಿಂತಿತು. ಕುಂಬಳಕಾಯಿ ಒಡೆಯಿತು.

ಒಳಗಿನಿಂದ ಅಮಲ್ದಾರರು, ಡಾಕ್ಟರು, ದಫೇದಾರ, ಎಲ್ಲರೂ ಓಡಿ ಬಂದರು. ಡಾಕ್ಟರು ನಾಗಲಿಂಗಯ್ಯನವರ ಕೈ ಮುಟ್ಟಿ ನೋಡಿ, ಮುರಿದಿದೆಯೆಂದು ತಿಳಿದು, ಕೋಪದಿಂದ ತಿರುಗಿದರು. “ನಾನು ಹೇಳಿರಲಿಲ್ಲವೆ, ದೃಷ್ಟಿದೋಷ ಅಂತ!”

“ಇನ್ನೂ ತೆಗೀಬೇಕಿತ್ತು ಸ್ವಾಮಿ, ಲಕ್ಕಮ್ಮ ಅಷ್ಟಕ್ಕೇ ಬುಟ್ಬುಟ್ಲು!” ಎಂದು ಶಿವರುದ್ರಮ್ಮ ಅತ್ತರು.

ಅಮಲ್ದಾರರು ಕೇಳಿದರು: “ಡಾಕ್ಟರೇ, ನೀವು ಸ್ಪಷ್ಟವಾಗಿ ಹೇಳಬೇಕು. ಯಾರ ದೃಷ್ಟಿ?”

“ಯಾರದೇನು ಸ್ವಾಮಿ? ಕಾರು ಓಡಿಸುವವರದೇ!”

ಶಿವರುದ್ರಮ್ಮನವರ ಅಳು ಎರಡನೆಯ ಸಲ ನಿಂತಿತು. “ಅಯ್ಯಯ್ಯೋ! ತಮ್ ಕಾರಿಗೆ ತಮ್ದೇ ದಿಷ್ಟಿಯೇ? ಅದುಕ್ಕೇ ಹಂಗೆ ದಿನಾ ನಿಂತ್ಕಂಡು ನೋಡ್ತಿದ್ರು!”

ಡಾಕ್ಟರು ತಲೆ ಹಿಡಿದುಕೊಂಡರು. ಕನ್ನಡ ಸಂಘದ ಪಣ ಅಲ್ಲಿಗೆ ಮುರಿಯಿತು. “ಶಾರ್ಟ್ ಸೈಟ್! ಶಾರ್ಟ್ ಸೈಟ್! ಅವರಿಗೆ ಕಣ್ಣು ಕಾಣುವುದಿಲ್ಲ!” ಎಂದು ಕಿರುಚಿದರು.

ಜನ ಗುಜುಗುಜು ಎಂದರು. ಕಾರಿನಿಂದ ಇಳಿದು ನಿಂತಿದ್ದ ಚನ್ನಮಲ್ಲಯ್ಯನವರು ಮಾನ ಉಳಿಸಿಕೊಳ್ಳಲೇಬೇಕಾಯಿತು. ನೇರ ನಡೆದು ಹೋಗಿ, ಕಚೇರಿಯ ಮೆಟ್ಟಿಲ ಬಳಿ ಬಿಳಿ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದ ನೀರಿನ ಗುಡಾಣದ ಮುಂದೆ ನಿಂತು, ಬಾಗಿ, “ಅಮಲ್ದಾರ್ ಸಾಹೇಬ್ರಿಗೆ ಶರಣು. ಈ ಡಾಕ್ಟ್ರು ಹೇಳೋದೆಲ್ಲ ಸುಳ್ಳು” ಎಂದರು.

“ನಾನು ಇಲ್ಲಿದ್ದೇನೆ” ಎಂದರು ಅಮಲ್ದಾರರು ಹಿಂದಿನಿಂದ.

ಊರು ನಕ್ಕಿತು. ದಫೇದಾರ ಗೋಡೆಯ ಕಡೆ ತಿರುಗಿ ನಕ್ಕ. ಅಮಲ್ದಾರರು ಅಧಿಕಾರಿಗಳಾದ್ದರಿಂದ ಕೆಮ್ಮಿದರು. ನಗದವರೆಂದರೆ ನೆಲದ ಮೇಲೆ ಕೂತಿದ್ದ ನಾಗಲಿಂಗಯ್ಯ ಒಬ್ಬರೇ. ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, “ಲೇ ಚನ್ನ, ನಾನು ನೋಡ್ಲಿಲ್ಲ ಕಣೋ. ನಿನ್ನಾಣೆ” ಎಂದರು.

ಚನ್ನಮಲ್ಲಯ್ಯನವರು ಆ ದನಿಯ ಕಡೆಗೆ ಬಂದು, ಕುಕ್ಕುರುಗಾಲಲ್ಲಿ ಕೂತು, ಮುಖ ಸ್ಪಷ್ಟವಾಗುವವರೆಗೂ ಬಗ್ಗಿದರು. ಆಗ ವಲ್ಲಿ ಕಾಣಿಸಿತು.

“ಇದೇನ್ಲಾ ಕಣ್ಣಿಗೆ?”

“ನಿನ್ ಕಾರು ಎದುರಿಗೆ ಬಂದ್ರೆ ತಾಕ್ದೇ ಇರ್ಲಿ ಅಂತ.”

ಚನ್ನಮಲ್ಲಯ್ಯನವರು ಆ ವಲ್ಲಿಯ ಗಂಟನ್ನು ತಾವೇ ಬಿಚ್ಚಿದರು. “ನನ್ಗೇ ಕಾಣಾಕಿಲ್ಲ ಕಣ್ಲಾ ನಾಗ. ಡಾಕ್ಟ್ರು ಹೇಳ್ದಾಗ್ಲೇ ತಿಳೀತು. ಬಾಯ್ ಬುಡಲಿಲ್ಲ” ಎಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ನಗುತ್ತಿದ್ದವರು ನಿಲ್ಲಿಸಿದರು. ಶಿವರುದ್ರಮ್ಮನವರು ಸೆರಗು ಸರಿಮಾಡಿಕೊಂಡು, ಮುಂದೆ ಬಂದು, ನಾಗಲಿಂಗಯ್ಯನವರ ಇನ್ನೊಂದು ರಟ್ಟೆ ಹಿಡಿದು ಎಬ್ಬಿಸಿದರು. “ನಡೀರಿ ಅಣ್ಣ, ಆಸ್ಪತ್ರೆಗೆ. ನಡ್ಕಂಡೇ ಹೋಗಾನ” ಎಂದರು. ಫಿರ್ಯಾದು ಅಲ್ಲಿ ಬಿದ್ದುಹೋಯಿತು.

ಚನ್ನಮಲ್ಲಯ್ಯನವರು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದರು. ಬಾಗಿಲಲ್ಲಿ ಹೆಂಡತಿಯನ್ನು ನೋಡಿ, “ನಿನ್ ತಲೆ ಯಾವಾಗ ಬೆಳ್ಳಗಾಯ್ತೇ?” ಎಂದು ಕೇಳಿದರು. ಶಿವರುದ್ರಮ್ಮ ಸೀದಾ ಅಡುಗೆಮನೆಗೆ ಹೋದರು. ಆ ಹೊತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು.

ನಾಗಲಿಂಗಯ್ಯನವರ ಅಂಗಡಿಗೆ ಗಿರಾಕಿಗಳು ಮರಳಿ ಬಂದರು. ಮೊದಲು ಬಂದದ್ದು ಶಿವರುದ್ರಮ್ಮ. ಬೀದಿಯವರೆಲ್ಲ ನೋಡುವಂತೆ ಮಗಳಿಗೆ ಸೀರೆ ತೆಗೆದುಕೊಂಡು, ಪ್ರತಿಯೊಂದು ಸೀರೆಯನ್ನೂ ಎಡಗಣ್ಣಿನ ಕಡೆ ಹಿಡಿದು, “ಹೆಂಗದೆ ನೋಡಿ ಅಣ್ಣ” ಎಂದು ಕೇಳಿದರು.

ನಾಗಲಿಂಗಯ್ಯನವರ ಕೈಗೆ ಕಟ್ಟಿದ ಬಿದಿರು ದಬ್ಬೆ ಬಿಚ್ಚಿದ ಮೇಲೆ ಒಂದು ಸಂತೆಯ ದಿನ ಚನ್ನಮಲ್ಲಯ್ಯನವರು ಗೆಳೆಯನನ್ನು ಕಾರಿನಲ್ಲಿ ಕರೆದೊಯ್ಯಲು ಬಂದರು. ಗಾಜು ತೊಳೆಸಿದ್ದರು. ಮುಖವಾಡ ತೆಗೆಸಿದ್ದರು. “ಈಗ ಎಲ್ಲಾ ಕಾಣ್ತದೆ ಕಣ್ಲಾ. ಹತ್ತು” ಎಂದರು. ನಾಗಲಿಂಗಯ್ಯ ಒಮ್ಮೆ ಶಿವನನ್ನು ನೆನೆದು, ಪಕ್ಕದಲ್ಲಿ ಕೂತರು.

ಕಾರು ಪೇಟೆ ಬೀದಿಗೆ ಬಂತು. ಚನ್ನಮಲ್ಲಯ್ಯನವರು ಎರಡೂ ಕೈಯಲ್ಲಿ ಚಕ್ರ ಹಿಡಿದು, ಕನ್ನಡಕದೊಳಗಿಂದ ನೇರ ನೋಡುತ್ತಿದ್ದರು. ದೂರದಲ್ಲಿ ಒಬ್ಬ ಕುಂಟ ಕೋಲೂರಿಕೊಂಡು ಹೋಗುತ್ತಿದ್ದ. ಹಸಿರು ಕಾರು ಕಂಡೊಡನೆ ಅವನು ಕೋಲು ಎಸೆದು ಪಕ್ಕಕ್ಕೆ ಉರುಳಿದ. ಒಬ್ಬಳು ತುಂಬು ಬಸುರಿ ಗೋಡೆಗೆ ಆತುಕೊಂಡು ಹೊಟ್ಟೆ ಮುಚ್ಚಿಕೊಂಡಳು. ಇಬ್ಬರು ಸೊಸೆಯರು ಕಿವುಡಿ ಅತ್ತೆಯೊಬ್ಬಳ ರಟ್ಟೆ ಹಿಡಿದು ಎತ್ತಿ ಚರಂಡಿಗೆ ಇಳಿಸಿದರು. ಬೀದಿಯ ಉದ್ದಕ್ಕೂ, ಎರಡೂ ಕಡೆ, ಜನ ಕೂಸುಗಳನ್ನು ಎತ್ತಿಕೊಂಡು, ಬುಟ್ಟಿಗಳನ್ನು ತಲೆ ಮೇಲಿಟ್ಟುಕೊಂಡು, ಅಭ್ಯಾಸವಾದವರಂತೆ ಸದ್ದಿಲ್ಲದೆ ಚರಂಡಿಗೆ ಇಳಿಯುತ್ತಿದ್ದರು.

“ಲೇ ನಾಗ, ಯಾಕ್ಲಾ ಎಲ್ರೂ ಚರಂಡಿಗ್ ಇಳೀತಾವ್ರೆ?”

“ನೀನು ಬತ್ತಿದೀಯಲ್ಲ.”

“ಇವತ್ತಾ?”

“ಕಾರು ಬಂದಾಗ್ಲಿಂದ.”

ಚನ್ನಮಲ್ಲಯ್ಯನವರು ಕಾರನ್ನು ಬೀದಿಯ ಮಧ್ಯದಲ್ಲೇ ನಿಲ್ಲಿಸಿದರು. ಇಂಜಿನ್ನು ಆರಿಸಿದರು. ಬಾಗಿಲು ತೆಗೆದು ಇಳಿದು, ಸುತ್ತಿ ಬಂದು, ಗೆಳೆಯನ ಗುಣವಾಗುತ್ತಿದ್ದ ಕೈಯನ್ನು ಬಿಟ್ಟು ಇನ್ನೊಂದನ್ನು ಹಿಡಿದು ಇಳಿಸಿದರು.

“ಕಾರು?” ಎಂದರು ನಾಗಲಿಂಗಯ್ಯ.

“ಬೀಗ್ರು ಬಂದು ತಗಂಡ್ ಹೋಗ್ಲಿ. ನಡಿ” ಎಂದರು.

ಇಬ್ಬರೂ ರಸ್ತೆಯ ಅಂಚು ಹಿಡಿದು ಮನೆಯ ಕಡೆ ನಡೆದರು. ಅವರು ತಿರುವು ದಾಟಿ ಮರೆಯಾದ ಮೇಲೂ ಪೇಟೆಯ ಜನ ಚರಂಡಿಯಿಂದ ಮೇಲೆ ಬರಲಿಲ್ಲ. ಕಾರು ಇನ್ನೂ ಅಲ್ಲೇ ಇತ್ತು. ಅದನ್ನು ಈಗ ಓಡಿಸುವವರು ಯಾರೂ ಇಲ್ಲವೆಂಬುದು ಅವರಿಗೆ ಮೊದಲಿಗಿಂತ ಹೆಚ್ಚಿನ ಅಪಾಯವಾಗಿ ಕಂಡಿತೇ ಹೊರತು ಕಡಿಮೆಯಾಗಿ ಕಾಣಲಿಲ್ಲ.